ಬಸುರಿ ಮೀನಿನ ನೆರಳು

"ಏಳು ಬೇವರ್ಸಿ! ಅದೆಂತ ಕೂತುಕೊಳ್ಳುವ ಬಕೆಟಾ?"

ಮ್ಯಾನೇಜರ್ ಪೃಥ್ವಿರಾಜ್ ಬೂಟುಗಾಲಿನಿಂದ ಒದ್ದ ರಭಸಕ್ಕೆ ಕವುಚಿಟ್ಟ ಬಕೆಟ್ ಜಾರಿತು. ಏಳು ತಿಂಗಳ ಬಸುರಿ ಸುಪ್ರೀತಾ ತೊಟ್ಟಿಯ ಅಂಚು ಹಿಡಿದು ಹೇಗೋ ಬೀಳದೆ ನಿಂತಳು.

"ಕಾಲು ಬಾತಿದೆ ಸರ್. ಸ್ವಲ್ಪ ಹೊತ್ತು ಕೂತದ್ದು."

"ಹೊಟ್ಟೆ ತುಂಬಿಸಿಕೊಳ್ಳುವಾಗ ನನ್ನತ್ರ ಕೇಳಿದ್ಯಾ? ಆಗದಿದ್ರೆ ಮನೆಯಲ್ಲಿ ಬಿದ್ಕೋ. ನಾಳೆಗೆ ಬೇರೆ ಜನ ಉಂಟು."

ಜೆಪ್ಪುವಿನ ಆ ಮೀನು ಸಂಶೋಧನಾ ಕೇಂದ್ರದಲ್ಲಿ ತೊಟ್ಟಿ ತಿಕ್ಕಲು ಗುತ್ತಿಗೆಗೆ ಬಂದವರು ಇಬ್ಬರೇ, ಅವಳು ಮತ್ತು ಝಹ್ರಾ. ತನ್ನ ದೇಶದ ಹೊಳೆಗಳ ಸಾಲ್ಮನ್ ಮೀನನ್ನು ಉಳಿಸಲು ದುಡ್ಡು ಹಾಕುತ್ತಿದ್ದ ವಿದೇಶಿ ಸಂಸ್ಥೆಯೊಂದು ಇಲ್ಲಿಯ ಅಪರೂಪದ ಹೊಳೆಮೀನು ಮಹಸೀರಿಗೂ ಕೈಬಿಚ್ಚಿ ಕೊಟ್ಟಿತ್ತು. ಹಾಗಾಗಿ ನೇತ್ರಾವತಿಯ ಮೇಲ್ಹೊಳೆಯಿಂದ ಹಿಡಿದು ತಂದ ಹೆಣ್ಣು ಮೀನೊಂದು ದೊಡ್ಡ ತೊಟ್ಟಿಯಲ್ಲಿತ್ತು. ಅದರ ಹೊಟ್ಟೆಯೂ ತುಂಬಿತ್ತು.

ಅದಕ್ಕೆ ಮೇಲೆ ಹಸಿರು ನೆರಳುಬಲೆ. ನೀರು ತಂಪಾಗಿಡಲು ಯಂತ್ರ. ನಿರ್ದೇಶಕಿ ಶಶಿಪ್ರಭಾ ಮೇಡಂ ದಿನಾ ಬಂದು, ಕೈ ಒದ್ದೆ ಮಾಡಿಕೊಂಡು ಅದರ ಹೊಟ್ಟೆ ಸವರಿ, "ಹೇಗಿದ್ದೀ ಬಂಗಾರ?" ಎನ್ನುತ್ತಿದ್ದರು. ಪಕ್ಕದಲ್ಲೇ ಪಾಚಿ ಕೆರೆಯುತ್ತಿದ್ದ ಸುಪ್ರೀತಾಳ ಕಡೆಗೆ ಅವರ ಕಣ್ಣು ಒಂದು ದಿನವೂ ಹೊರಳಲಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗಲು ರಜೆ ಕೇಳಿದರೆ ಆ ದಿನದ ಸಂಬಳ ಇಲ್ಲ.

ಹೊಟ್ಟೆಕಿಚ್ಚು ಎದೆಯವರೆಗೂ ಏರುತ್ತಿತ್ತು. ಒಮ್ಮೆ ತೊಟ್ಟಿಗೆ ಬಗ್ಗಿ, "ನಿನ್ನ ಮೊಟ್ಟೆ ಕೊಳೆತು ಹೋಗ್ಲಿ" ಎಂದುಬಿಟ್ಟಳು. ಅಂದದ್ದೇ ತಡ, ಹೆದರಿ ತನ್ನ ಹೊಟ್ಟೆಯನ್ನೇ ಮುಟ್ಟಿಕೊಂಡಳು. ಮೀನು ಸುಮ್ಮನೆ ಬಾಲ ಆಡಿಸುತ್ತಿತ್ತು. ಅದಕ್ಕೇನು, ರಾಣಿ!

ದುಡ್ಡು ಕೊಟ್ಟವರು ನೋಡಲು ಬಂದದ್ದು ಮೇ ತಿಂಗಳ ಉರಿಬಿಸಿಲಲ್ಲಿ. ಪೃಥ್ವಿರಾಜ್ ಇಬ್ಬರನ್ನೂ ಸ್ಟೋರಿನ ಹಿಂದಕ್ಕೆ ಅಟ್ಟಿದ.

"ಅವರು ಹೋಗುವವರೆಗೆ ನಿಮ್ಮ ಮೋರೆ ಕಾಣ್ಬಾರ್ದು."

ಅಲ್ಲಿ ನೆರಳಿರಲಿಲ್ಲ. ತಗಡಿನ ಗೋಡೆ ಕಾದ ಕಾವಲಿಯಂತಿತ್ತು. ಸುಪ್ರೀತಾಳಿಗೆ ಕಣ್ಣು ಕತ್ತಲೆ ಬಂತು. ಆಚೆ ಮೇಡಂ ಪತ್ರಕರ್ತರಿಗೆ ಕನ್ನಡದಲ್ಲಿ ವಿವರಿಸುತ್ತಿದ್ದರು.

"ಈಗ ತಾಯಿಗೆ ಪೂರ್ತಿ ರೆಸ್ಟ್ ಬೇಕು. ಬಿಸಿಲು ತಾಗ್ಬಾರ್ದು, ಯಾರೂ ಗದ್ದಲ ಮಾಡ್ಬಾರ್ದು. ಹೆದರಿದ್ರೆ ಮೊಟ್ಟೆಗೇ ತೊಂದರೆ."

ಸುಪ್ರೀತಾ ಹೊರಟಳು. "ಎಲ್ಲಿಗೆ ಮಾರಾಯ್ತಿ?" ಎಂದು ಝಹ್ರಾ ಹಿಡಿದ ಕೈಯನ್ನು ಬಿಡಿಸಿಕೊಂಡಳು. ಕೋಟು ತೊಟ್ಟವರ ನಡುವೆ ನುಗ್ಗಿ, ತೊಟ್ಟಿಯ ಬುಡದಲ್ಲಿ ಹಸಿರು ಬಲೆಯ ನೆರಳು ಬಿದ್ದಲ್ಲಿ ಒದ್ದೆ ನೆಲದ ಮೇಲೆ ಮಲಗಿಯೇಬಿಟ್ಟಳು. ತಂಪು ಬೆನ್ನಿಗೆ ಹತ್ತಿತು.

"ಯಾರಿದು?" ಎಂದರು ಮೇಡಂ.

ಪೃಥ್ವಿರಾಜ್ ಬಗ್ಗಿದ. ಕ್ಯಾಮೆರಾಗಳ ಮುಂದೆ ಕಿರುಚುವ ಹಾಗಿಲ್ಲ. ಹಲ್ಲು ಕಚ್ಚಿ ಪಿಸುಗುಟ್ಟಿದ. "ಎದ್ದು ಹೋಗು ಮುಂಡೆ. ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ."

"ಹೋಗ್ಲಿ. ನಾನು ಏಳುದಿಲ್ಲ." ಅವಳು ಮೇಡಂ ಕಡೆ ತಿರುಗಿದಳು. "ಅದರ ಹೊಟ್ಟೆ ದಿನಾ ಮುಟ್ಟಿ ನೋಡ್ತೀರಲ್ಲ ಮೇಡಂ. ನನಗೆಷ್ಟು ತಿಂಗಳು ಅಂತ ಒಮ್ಮೆ ಕೇಳಿ."

ವಿದೇಶಿಯೊಬ್ಬ ಅವಳು ಹೇಳಿದ್ದೇನೆಂದು ಪಕ್ಕದವರನ್ನು ವಿಚಾರಿಸಿದ. ಅವರು ನೆಲ ನೋಡಿದರು. ಅವಳನ್ನು ಎಳೆದುಕೊಂಡು ಹೋಗೆಂದು ಪೃಥ್ವಿರಾಜ್ ಝಹ್ರಾಳಿಗೆ ಸನ್ನೆ ಮಾಡಿದ.

ಝಹ್ರಾ ಬಂದಳು. ಅವನನ್ನು ದಾಟಿ ನೆಲಕ್ಕೆ ಕುಳಿತಳು. ಸುಪ್ರೀತಾಳ ತಲೆಯನ್ನು ಮೆಲ್ಲನೆ ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು.