ರಾಜಮತಿಯ ಮೂರನೆಯ ತಪಾಸಣೆ

ಅಥಣಿಯ ಲಕ್ಷ್ಮಿಬಾಯಿಯ ಸಾರಿನ ವಾಸನೆಗೆ ಮಿರಜದ ರೈಲು ಇತ್ತ ತಿರುಗಿಬಿಡುತ್ತಿತ್ತು. ಅಥಣಿಗೆ ಹಳಿ ಇಲ್ಲದ್ದರಿಂದ ಬಚಾವು. ಅಂಥ ಅತ್ತೆಯ ಕೈಯಡುಗೆ ಉಂಡೂ ಸೊಸೆ ರಾಜಮತಿ ಜೋಳದ ದಂಟಿನಂತೆ ಸೊರಗಿದ್ದಳು.

ಆಕೆಯ ಕರುಳಿಗೆ ಗೋಧಿ ಆಗದು, ಚೂರೂ ಹೊಟ್ಟೆಗೆ ಹೋಗಬಾರದು ಎಂದು ಮಿರಜದ ಡಾಕ್ಟರು ಕಂಡುಹಿಡಿದು ಒಂಬತ್ತು ತಿಂಗಳಾಗಿತ್ತು. ಅದು ತೊಂಬತ್ತಮೂರನೆಯ ಇಸವಿ. ಆ ರೋಗದ ಹೆಸರು ಹೇಳಬಲ್ಲವರು ಇಡೀ ತಾಲೂಕಿನಲ್ಲಿ ಮೂರೂವರೆ ಜನ. ಆ ಅರ್ಧ ಜನ, ಹೆಸರನ್ನು ನಡುವೆಯೇ ನುಂಗುವ ಆಕೆಯ ಗಂಡ ಧನಪಾಲ. ಅಂದಿನಿಂದ ರಾಜಮತಿ ಜೋಳದ ರೊಟ್ಟಿ, ಅನ್ನ, ಅತ್ತೆ ಮಾಡಿದ ಸಾರು-ಪಲ್ಯ ಬಿಟ್ಟು ಬೇರೆ ಮುಟ್ಟಿರಲಿಲ್ಲ. ಆದರೂ ಮೂರು ತಿಂಗಳಿಗೊಮ್ಮೆ ತೋರಿಸಲು ಹೋದಾಗ ತೂಕ ಏರಿರುತ್ತಿರಲಿಲ್ಲ.

"ಕದ್ದು ಚಪಾತಿ ತಿಂತಾಳ," ಎಂದು ಲಕ್ಷ್ಮಿಬಾಯಿ ತೀರ್ಪು ಕೊಟ್ಟು, ಗೋಧಿ ಹಿಟ್ಟಿನ ಡಬ್ಬಿಯನ್ನು ತನ್ನ ಮಂಚದ ಕೆಳಗಿಟ್ಟುಕೊಂಡಳು. ರಾಜಮತಿ ಆಣೆ ಮಾಡಿದಳು, ಅತ್ತಳು. ಊಟಕ್ಕೆ ಕೂತಾಗ ಗಂಡನೂ ಆಕೆಯ ಕೈಯನ್ನೇ ನೋಡತೊಡಗಿದ.

ಮೂರನೆಯ ತಪಾಸಣೆಗೆ ಅತ್ತೆಯೇ ಕಾವಲು ಬಂದಳು. ತೂಕದ ಮುಳ್ಳು ಹಳೆಯ ಜಾಗದಲ್ಲೇ ನಿಂತಿತು.

"ನೋಡ್ರಿ ಸಾಹೇಬ್ರ, ಕದ್ದು ತಿಂತಾಳ!"

"ತಡೀರಿ ಅವ್ವಾರ. ದಿನಾ ಏನೇನ ಉಣ್ತಾರ ಹೇಳ್ರಿ," ಎಂದರು ಡಾಕ್ಟರು.

ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಶುರುವಿಟ್ಟಳು. "ನಾವು ಜೈನರ್ರಿ. ಉಳ್ಳಾಗಡ್ಡಿ ಇಲ್ಲ, ಬೆಳ್ಳೊಳ್ಳಿ ಇಲ್ಲ. ಬ್ಯಾಳಿಗೆ, ಪಲ್ಯಾಕ, ಮಜ್ಜಿಗಿಗೆ ಸೈತ ಇಂಗ ಹಾಕ್ತೀನಿ. ನನ್ನಷ್ಟ ಇಂಗ ಹಾಕಾವ್ರು ಜಿಲ್ಲಾದಾಗ ಯಾರೂ ಇಲ್ಲ!"

ಡಾಕ್ಟರ ಪೆನ್ನು ನಿಂತಿತು. "ಎಂಥಾ ಇಂಗರಿ?"

"ಡಬ್ಬಿ ಪುಡಿರಿ. ಅಸಲ ಮಾಲ!"

"ಆ ಪುಡಿಯೊಳಗ ಗೋಧಿ ಹಿಟ್ಟು ಕೂಡಸಿರ್ತಾರ್ರಿ. ಇವ್ರು ಕದ್ದಿಲ್ಲ. ನೀವ ಉಣಿಸೀರಿ."

ಲಕ್ಷ್ಮಿಬಾಯಿ ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿದಳು. ಊರಿಗೆ ಮರಳುವ ಬಸ್ಸು ಕಾಗವಾಡ ದಾಟಿದರೂ ತೆರೆಯಲಿಲ್ಲ. ಕಂಡಕ್ಟರ ಎರಡು ಸಲ ಬಂದು ಉಸಿರಾಡುತ್ತಿದ್ದಾಳೋ ಇಲ್ಲವೋ ನೋಡಿ ಹೋದ.

ರಾಜಮತಿ ಕಿಟಕಿಯಾಚೆ ಕಬ್ಬು ನೋಡುತ್ತಿದ್ದಳು. ಗೆದ್ದೆನೆಂದು ಕುಣಿಯಬೇಕಿತ್ತು. ಬದಲಿಗೆ, ನಿದ್ದೆಗಣ್ಣಲ್ಲಿ ಎದ್ದು ತಿಂದೆನೇನೋ ಎಂದು ತಾನೇ ತನ್ನನ್ನು ಅನುಮಾನಿಸಿದ್ದು ನೆನಪಾಗಿ ಕಣ್ಣು ತುಂಬಿತು.

"ನಿನಗ ಕಳ್ಳಿ ಅಂದ್ನಲ್ಲಬೇ," ಎಂದಳು ಅತ್ತೆ ಕೊನೆಗೆ.

"ಅಂದ್ರಿ. ಓಣಿ ಮಂದಿ ಮುಂದನೂ ಅಂದ್ರಿ."

"ಅವರ ಮುಂದನ ಹೇಳ್ತೀನಿ, ತಪ್ಪು ನಂದಂತ." ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, "ದವಾಖಾನಿಗೆ ಮತ್ತ ಯಾವಾಗ ಹೋಗೂದು?"

"ಮೂರ ತಿಂಗಳಿಗೆ. ಆಮ್ಯಾಲೂ ಹೋಗ್ತಿರಬೇಕಂತ, ಜೀವ ಇರೂತನಕ."

"ನಾ ಬರ್ಲೇನು?"

ಅದು ಕಾವಲಿನ ದನಿಯಲ್ಲ ಎಂದು ರಾಜಮತಿಗೆ ತಿಳಿಯಿತು. ಆದರೂ ಹೇಳಿದಳು: "ಬ್ಯಾಡ್ರಿ ಅತ್ತಿ. ನಾ ಒಬ್ಬಾಕಿನ ಹೋಗ್ತೀನಿ. ಏನ ತಿಂದೆ ಅಂತ ನಾನ ಹೇಳ್ತೀನಿ."

ಲಕ್ಷ್ಮಿಬಾಯಿ ಚೀಲದಿಂದ ಆಸ್ಪತ್ರೆಯ ಕಾಗದಗಳನ್ನು ತೆಗೆದು ಸೊಸೆಯ ಉಡಿಯಲ್ಲಿಟ್ಟಳು.