ಶುಕೂರ್ ಕಾಕನ ಸನ್ಮಾನ ಪತ್ರ

"ಇದೇನು ಟೀಚರೇ, ಎಲ್ಲ ತುಂಡು ತುಂಡು! ಒಂದಕ್ಕೊಂದು ಸಂಬಂಧವೇ ಇಲ್ಲ" ಎಂದು ರಮಾನಾಥರು ಕಾಗದವನ್ನು ಮೇಜಿನ ಮೇಲಿಟ್ಟರು. ಕೆಲಸ ಬಿಡುತ್ತಿದ್ದ ಬಸ್ ಕಂಡಕ್ಟರ್ ಅಬ್ದುಲ್ ಶುಕೂರರಿಗೆ ಕಕ್ಕಿಂಜೆಯ ಪ್ರಯಾಣಿಕರು ಸನ್ಮಾನ ಇಟ್ಟುಕೊಂಡಿದ್ದರು. ರಮಾನಾಥರು ಸಮಿತಿಯ ಅಧ್ಯಕ್ಷರು. ಶಾಲು, ಹಣ್ಣಿನ ಬುಟ್ಟಿ ಅಂಗಡಿಯಲ್ಲಿ ಸಿಗುತ್ತವೆ. ಸನ್ಮಾನ ಪತ್ರ ಮಾತ್ರ ಕನ್ನಡ ಟೀಚರ್ ಕಾಂತಿಯ ತಲೆಗೆ ಬಿದ್ದಿತ್ತು.

ಕಾಂತಿಗೆ ನಾಚಿಕೆಯಾಯಿತು. ಬಿಡಿ ವಾಕ್ಯಗಳನ್ನು ಜೋಡಿಸುವುದು ಹೇಗೆಂದು ಮೊನ್ನೆಯಷ್ಟೇ ಎಂಟನೇ ತರಗತಿಗೆ ಗಂಟಲು ಹರಿಯುವಷ್ಟು ಕಲಿಸಿದವಳು ಅವಳೇ. ಈಗ ತಾನೇ ಬರೆದದ್ದು ನೋಡಿದರೆ: 'ಅವರು ಬಸ್ಸು ನಿಲ್ಲಿಸುತ್ತಿದ್ದರು. ಹುಡುಗಿಯರು ಶಾಲೆಗೆ ಹೋದರು.'

"ಪ್ರೆಸ್ಸಿನ ಧನರಾಜನ ಕಂಪ್ಯೂಟರಿನಲ್ಲಿ ರೆಡಿ ಪತ್ರ ಉಂಟು. ಹೆಸರು ಬದಲಿಸಿದರೆ ಆಯ್ತು."

"ಬೇಡ ಸರ್. ಹೋದ ಸಲ ಹಾಗೆ ಮಾಡಿ ಡಾಕ್ಟರನ್ನು ಮದ್ದಳೆವಾದಕರು ಅಂತ ಓದಿದ್ದು ನೆನಪುಂಟಲ್ಲ? ನಾನೇ ಬರೆದು ಕೊಡ್ತೇನೆ."

"ಹೌದು ಮಾರಾಯ್ರೆ, ಪಾಪ, ಅವರು ಎದ್ದು ನಮಸ್ಕಾರವನ್ನೂ ಮಾಡಿದರು!" ರಮಾನಾಥರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮನೆಗೆ ಬಂದು ಕಾಂತಿ ಆ ಎರಡು ವಾಕ್ಯಗಳ ನಡುವೆ 'ಮತ್ತು' ಹಾಕಿ ನೋಡಿದಳು. ಬಸ್ಸು ನಿಂತದ್ದಕ್ಕೂ ಹುಡುಗಿಯರು ಶಾಲೆಗೆ ಹೋದದ್ದಕ್ಕೂ ಏನೂ ಸಂಬಂಧವಿಲ್ಲವೇನೋ ಅನ್ನಿಸಿತು. ಸಂಬಂಧವಿತ್ತು. ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ, ಬೆಳಿಗ್ಗೆ ಸೊಸೈಟಿಗೆ ಹಾಲು ಕೊಟ್ಟು ಅವಳು ಓಡಿ ಬರುವಷ್ಟರಲ್ಲಿ ಬಸ್ಸು ಹೊರಟಿರುತ್ತಿತ್ತು. "ಬಸ್ಸು ತಪ್ಪಿದರೆ ಶಾಲೆ ಸಾಕು, ಬೀಡಿ ಕಟ್ಟು" ಎಂಬುದು ಅಪ್ಪ ಚಿನ್ನಯ್ಯನ ಕಟ್ಟಪ್ಪಣೆ. ಶುಕೂರರು ಬಸ್ಸಿನ ಮೈಗೆ ಬಡಿದು, "ತಡಿ ಮಾರಾಯ, ಹುಡುಗಿ ಬರ್ತಾ ಉಂಟು!" ಎಂದು ಕೂಗುತ್ತಿದ್ದರು. ಬಸ್ಸು ತಡವಾಯಿತೆಂದು ಬೆಳ್ತಂಗಡಿಯಲ್ಲಿ ಟೈಮ್ ಕೀಪರ್ ಅವರಿಗೆ ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ಈಗಲೂ ದಿನಾ ಅದೇ ಬಸ್ಸಿನಲ್ಲಿ ಪಾಠಕ್ಕೆ ಹೋಗುವ ಅವಳು ಇದನ್ನು ಅವರಿಗೆ ಒಮ್ಮೆಯೂ ಹೇಳಿರಲಿಲ್ಲ. ನಾಳೆಯ ನಂತರ ಅವರು ಬಸ್ಸಿನಲ್ಲಿರುವುದಿಲ್ಲ. 'ಹುಡುಗಿಯರು' ಎಂಬುದನ್ನು ಹೊಡೆದು ಹಾಕಿ 'ನಾನು' ಎಂದು ಬರೆದ ಮೇಲೆ ಪೆನ್ನು ತಾನಾಗಿ ಓಡಿತು.

ಮರುದಿನ ಶಾಲು, ಪೇಟ ತೊಡಿಸಿಕೊಂಡು ಶುಕೂರರು ಕುರ್ಚಿಯ ತುದಿಯಲ್ಲಿ ಮುದುಡಿ ಕೂತಿದ್ದರು. ಕಾಂತಿ ಓದಿದಳು: "ಶುಕೂರ್ ಕಾಕ, ಬೈಗುಳ ತಿನ್ನಬೇಕಾಗುತ್ತದೆಂದು ಗೊತ್ತಿದ್ದರೂ, ಹಾಲು ಕೊಟ್ಟು ಓಡಿ ಬರುವ ಹುಡುಗಿಗಾಗಿ ನೀವು ದಿನಾ ಬಸ್ಸು ನಿಲ್ಲಿಸಿದ್ದರಿಂದಲೇ, ಬೀಡಿ ಕಟ್ಟಲು ಕೂರಬೇಕಾಗಿದ್ದ ನಾನು ಇವತ್ತು ಟೀಚರಾಗಿ ಈ ಪತ್ರ ಓದುತ್ತಿದ್ದೇನೆ."

ಕಾಂತಿ ಪತ್ರವನ್ನು ಅವರ ಕೈಗಿಟ್ಟಳು. ಹೇಳಿದ್ದಕ್ಕೆ ಮನಸ್ಸು ಹಗುರಾಯಿತು.

"ಅಯ್ಯೋ ಟೀಚರೇ, ಬ್ರೇಕ್ ಹಾಕಿದ್ದು ಡ್ರೈವರಲ್ವಾ?" ಎಂದರು ಶುಕೂರರು. ಸಭೆ ನಕ್ಕಿತು.

ನಗು ನಿಲ್ಲುವಾಗ ಹಿಂದಿನ ಸಾಲಿನಲ್ಲಿ ನರ್ಸ್ ಸಬೀಹಾ ಎದ್ದು ನಿಂತಳು. ಭಾಷಣ ಮಾಡಿ ಗೊತ್ತಿಲ್ಲದವಳು.

"ನಾನೂ" ಎಂದಳು, ಅಷ್ಟೇ.

ಕಿಟಕಿಯ ಬಳಿ ಇನ್ನೊಬ್ಬಳು ಎದ್ದಳು. "ನಾನೂ ಕಾಕ." ಬಾಗಿಲ ಹತ್ತಿರ, ಮಗುವನ್ನು ಎತ್ತಿಕೊಂಡಿದ್ದ ಮತ್ತೊಬ್ಬಳು.

ಶುಕೂರರು ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಟಿಕೆಟ್ ಕೊಡುವಾಗ ನೋಡುತ್ತಿದ್ದ ಹಾಗೆ, ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಹೋದರು.