ತೆರೆದ ತಾಲೀಮು

ರಂಗಮಂದಿರಕ್ಕೆ ಜನ ಬರುತ್ತಿಲ್ಲವೆಂದು ನಾಟಕದವರು ಊರನ್ನೇ ಬೈಯುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪೋಸ್ಟರ್ ಅಂಟಿಸುತ್ತಿದ್ದದ್ದು ತಮ್ಮದೇ ಕಾಂಪೌಂಡಿನ ಒಳಗೋಡೆಗೆ, ಓದುತ್ತಿದ್ದವರೂ ತಾವೇ. ಮುಂಬಾಗಿಲಿಗೆ ಸದಾ ಬೀಗ. ಒಳಗೆ ಹೋಗಬೇಕಾದರೆ ಪಕ್ಕದ ಓಣಿಯ ಸಣ್ಣ ಬಾಗಿಲು. ಎದುರಂಗಡಿಯ ಟೈಲರ್ ಒಂದು ದಿನ, "ಅದು ಮುಚ್ಚಿಹೋಗಿಲ್ವೇನಮ್ಮ?" ಎಂದು ಕೇಳಿದಾಗ ಹಿರಿಯ ನಟನ ಮಗಳಿಗೆ ಆ ಬೀಗದ ಅರ್ಥ ಹೊಳೆಯಿತು.

ಪರದೆಯ ಮರೆಯಲ್ಲಿ ನಿಂತು, ನಟರು ಮರೆತ ಮಾತನ್ನು ಪಿಸುಗುಟ್ಟಿ ಕೊಡುವುದು ಅವಳ ಕೆಲಸ. ಈ ನಾಟಕಕ್ಕೂ ಜನ ಸೇರದಿದ್ದರೆ ಕಟ್ಟಡ ಗೋದಾಮಾಗುತ್ತದೆ ಎಂದು ಮಾಲೀಕ ಹೇಳಿಯಾಗಿತ್ತು. ಅವಳೇ ಉಪಾಯ ಸೂಚಿಸಿದಳು: ಮುಂಬಾಗಿಲು ತೆಗೆಯೋಣ, ಬೀದಿಯವರು ಬಂದು ತಾಲೀಮು ನೋಡಲಿ, ರುಚಿ ಹತ್ತಿದರೆ ಸಂಜೆ ಟಿಕೆಟ್ ಕೊಳ್ಳುತ್ತಾರೆ. ಎಲ್ಲರೂ ಹೂಂಗುಟ್ಟಿದರು. ಹೇಳಿದ ಮೇಲೆ ಹೆದರಿದವಳು ಅವಳೊಬ್ಬಳೇ. ಅಪ್ಪ ಇತ್ತೀಚೆಗೆ ಪುಟಗಟ್ಟಲೆ ಮಾತು ಮರೆಯುತ್ತಿದ್ದ. ಅವಳ ಪಿಸುಮಾತು ಹಿಡಿದೇ ದಡ ಸೇರುತ್ತಿದ್ದ, ಅದು ಅವರಿಬ್ಬರಿಗೆ ಮಾತ್ರ ಗೊತ್ತಿತ್ತು.

"ಹೊರಗಿನವರು ತಾಲೀಮು ನೋಡಬಾರ್ದು ಕಣೇ," ಎಂದ ಅಪ್ಪ, ಬಣ್ಣದ ಕೋಣೆಯಲ್ಲಿ. "ನಾನೇನಾದ್ರೂ ತಪ್ಪಿದ್ರೆ?"

"ನಾನಿಲ್ವಾ ಅಪ್ಪ, ಪಕ್ಕದಲ್ಲೇ?"

"ನೀನಿದ್ರೆ ಸರಿ ಬಿಡು."

ಬೀಗ ತೆಗೆದರು. ಟೈಲರ್ ಬಂದ, ಅವನ ಹಿಂದೆ ಬೇಕರಿಯವರು, ಬ್ಯಾಂಕಿನ ಗುಮಾಸ್ತರು, ತರಕಾರಿ ಚೀಲ ಹಿಡಿದ ಹೆಂಗಸರು. ಅಪ್ಪನದು ಮುದಿ ನ್ಯಾಯಾಧೀಶನ ಪಾತ್ರ. ತೀರ್ಪು ಹೇಳಬೇಕಾದಲ್ಲಿ ಸುಮ್ಮನೆ ನಿಂತುಬಿಟ್ಟ. ಅವಳು ಪಿಸುಗುಟ್ಟಿದಳು. ಮತ್ತೆ, ಸ್ವಲ್ಪ ಜೋರಾಗಿ. ಅಪ್ಪ ಪರದೆಯತ್ತ ತಿರುಗಿ ಅವಳನ್ನೇ ದಿಟ್ಟಿಸಿದ.

"ಯಾರಮ್ಮ ನೀವು? ಯಾಕೆ ನನ್ನ ಹಿಂದೆ ಬಿದ್ದಿದ್ದೀರಾ?"

ಅವಳ ಕೈಯಲ್ಲಿದ್ದ ನಾಟಕದ ಪುಸ್ತಕದಲ್ಲಿ ಆ ಮಾತಿರಲಿಲ್ಲ. ಇಡೀ ಸಭಾಂಗಣದಲ್ಲಿ ಚಪ್ಪಾಳೆಯೋ ಚಪ್ಪಾಳೆ. "ಎಂಥಾ ನಟನೆ ರೀ, ಮೈ ಜುಂ ಅಂತು," ಎಂದು ಟೈಲರ್ ಬೀದಿಯಲ್ಲೆಲ್ಲ ಡಂಗುರ ಸಾರಿದ. ಸಂಜೆ ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೆ ಕೂತರು.

ಮಾಲೀಕ ಒಳಗೆ ಬಂದು ಅವಳ ಬೆನ್ನು ತಟ್ಟಿದ. "ಆ ದೃಶ್ಯ ದಿನಾ ಹಾಗೇ ಇರ್ಲಿ."

ತಾಲೀಮು ಮುಗಿಸಿ ಮಧ್ಯಾಹ್ನ ಅಪ್ಪ ಎಂದಿನಂತೆ ಉಪ್ಪು ಕಡಿಮೆಯೆಂದು ಗೊಣಗಿಕೊಂಡೇ ಉಂಡಿದ್ದ, ಅವಳನ್ನು ಹೆಸರು ಹಿಡಿದು ಕರೆದಿದ್ದ. ಈವತ್ತು ಆಡಬೇಡ ಅಪ್ಪ ಎನ್ನಲು ಆಗಲೂ ಅವಳಿಗೆ ಬಾಯಿ ಬಂದಿರಲಿಲ್ಲ, ಈಗಲೂ ಬರಲಿಲ್ಲ. ಗೋದಾಮಿನ ಭಯ ದೊಡ್ಡದೋ ಈ ಭಯ ದೊಡ್ಡದೋ ಅವಳಿಗೇ ತಿಳಿಯದಾಯಿತು.

ತೆರೆ ಏಳುವ ಮುನ್ನ ಅಪ್ಪ ಅವಳ ಕೈ ಹಿಡಿದುಕೊಂಡ.

"ಜನ ಕಿಕ್ಕಿರಿದಿದ್ದಾರೆ, ಭಯ ಆಗುತ್ತೆ. ನನ್ನ ಮಗಳನ್ನ ಸ್ವಲ್ಪ ಕರೀತೀರಾ? ಅವಳಿಲ್ದೆ ನನಗೆ ಮಾತೇ ಬರಲ್ಲ."

"ಕರೀತೀನಿ," ಎಂದಳು ಅವಳು. ಗಂಟೆ ಹೊಡೆಯಿತು, ತೆರೆ ಎದ್ದಿತು.